ಮುಹೂರ್ತ ಮುಗಿದ ಮೇಲೆ ಉಳಿಯುವ ಬಾಕಿ

ಮದುವೆಯೊಂದು ಮುಗಿದ ಮಧ್ಯಾಹ್ನ ಛತ್ರದ ಕಚೇರಿಯಲ್ಲಿ ನಡೆಯುವ ಲೆಕ್ಕಾಚಾರವನ್ನು ಗಮನಿಸಿದವರಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅಡುಗೆಯವರು, ಓಲಗದವರು, ಹೂವಿನ ಅಲಂಕಾರದವರು, ಶಾಮಿಯಾನದವರು ಹಾಗೂ ಛತ್ರದ ಮಾಲೀಕರು ತಮ್ಮ ತಮ್ಮ ಬಾಬ್ತನ್ನು ಅಂದೇ ಚುಕ್ತಾ ಮಾಡಿಸಿಕೊಳ್ಳುತ್ತಾರೆ. ಲೆಕ್ಕ ಮುಗಿಯದೆ ಉಳಿಯುವುದು ಛಾಯಾಗ್ರಾಹಕರೊಬ್ಬರದೇ. "ಆಲ್ಬಂ ಬರಲಿ, ಆಮೇಲೆ ನೋಡೋಣ" ಎಂಬ ಮಾತಿನೊಂದಿಗೆ ಅವರ ಹಣ ಮುಂದಕ್ಕೆ ಹೋಗುತ್ತದೆ. ಮದುವೆ, ಸಂಗೀತ ಕಛೇರಿ ಮತ್ತು ಭಾವಚಿತ್ರಗಳನ್ನೇ ನಂಬಿ ಬದುಕುವ ಸ್ವತಂತ್ರ ಛಾಯಾಗ್ರಾಹಕರ ವೃತ್ತಿಯು ಇಂದು ಎದುರಿಸುತ್ತಿರುವ ಮುಖ್ಯ ತೊಡಕು ಇದೇ ಆಗಿದೆ. ಕೆಲಸದ ಕೊರತೆಗಿಂತ, ತಂತ್ರಜ್ಞಾನದ ಪೈಪೋಟಿಗಿಂತ, ಕಾಗದ-ಪತ್ರವಿಲ್ಲದ ವ್ಯವಹಾರವೇ ಈ ವೃತ್ತಿಯನ್ನು ಹೆಚ್ಚು ಕುಗ್ಗಿಸುತ್ತಿದೆ.

ಗಡಿನಾಡಿನ ಮಾರುಕಟ್ಟೆ

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ, ಕರ್ನಾಟಕದ ಅಂಚಿನಲ್ಲಿರುವ ಊರು ಪುಣಜನೂರು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಬಿಳಿಗಿರಿರಂಗನ ಬೆಟ್ಟದ ಕಾಡು ಅದರ ಸುತ್ತ ಹಬ್ಬಿದೆ; ತನಿಖಾ ಠಾಣೆ ದಾಟಿದರೆ ತಮಿಳುನಾಡು, ಮುಂದೆ 27 ತಿರುವುಗಳ ದಿಂಬಂ ಘಾಟಿ. ಇಂತಹ ಊರಿನ ತರುಣನೊಬ್ಬ ಕ್ಯಾಮೆರಾವನ್ನೇ ಜೀವನೋಪಾಯ ಮಾಡಿಕೊಂಡರೆ ಅವನ ಮಾರುಕಟ್ಟೆ ಸಹಜವಾಗಿಯೇ ಚಾಮರಾಜನಗರ, ಗುಂಡ್ಲುಪೇಟೆ, ನಂಜನಗೂಡುಗಳ ಜೊತೆಗೆ ಗಡಿಯಾಚೆಗೂ ಹರಡುತ್ತದೆ. ಈರೋಡ್ ಜಿಲ್ಲೆಯ ತಾಳವಾಡಿ ಸೀಮೆಯಲ್ಲಿ ಕನ್ನಡ ಮಾತನಾಡುವ ಕುಟುಂಬಗಳು ಬಹಳ ಇದ್ದು, ಹೆಣ್ಣು ಕೊಟ್ಟು ತರುವ ಸಂಬಂಧಗಳು ರಾಜ್ಯದ ಗಡಿಯನ್ನು ಲೆಕ್ಕಿಸುವುದಿಲ್ಲ.

ಆದರೆ ರಸ್ತೆಯ ನಿಯಮಗಳು ಗಡಿಯನ್ನೂ ಗಡಿಯಾರವನ್ನೂ ಲೆಕ್ಕಿಸುತ್ತವೆ. ಗುಂಡ್ಲುಪೇಟೆಯಿಂದ ಊಟಿ ಹಾಗೂ ಸುಲ್ತಾನ್ ಬತ್ತೇರಿ ಕಡೆಗೆ ಹೋಗುವ ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. ದಿಂಬಂ ಘಾಟಿಯಲ್ಲಿಯೂ ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದ ಮೇರೆಗೆ 2022ರಿಂದ ರಾತ್ರಿ ಸಂಚಾರಕ್ಕೆ ಕಡಿವಾಣ ಬಿದ್ದಿದೆ. ವನ್ಯಜೀವಿಗಳ ಹಿತಕ್ಕೆ ಈ ನಿರ್ಬಂಧಗಳು ಅಗತ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಳೆಯ ಮೈಸೂರು ಸೀಮೆಯ ಪದ್ಧತಿಯಂತೆ ಹಿಂದಿನ ರಾತ್ರಿ ಆರತಕ್ಷತೆ, ಮರುದಿನ ಬೆಳಗಿನ ಜಾವ ಧಾರೆಯೆಂದಾದಾಗ, ಕಾಡಿನ ಆಚೆಯ ಮದುವೆಯನ್ನು ಒಪ್ಪಿಕೊಂಡವರು ಸಹಾಯಕರೊಡನೆ ಅಲ್ಲಿಯೇ ತಂಗಬೇಕಾಗುತ್ತದೆ. ಈ ಖರ್ಚು ಯಾರದೆಂಬುದನ್ನು ಮುಂಗಡದ ಮಾತುಕತೆಯಲ್ಲಿ ಬಹುತೇಕ ಯಾರೂ ಎತ್ತುವುದಿಲ್ಲ. ಕೊನೆಗೆ ಅದು ಛಾಯಾಗ್ರಾಹಕರ ಹೆಗಲಿಗೇ ಬೀಳುತ್ತದೆ.

ನೆಗೆಟಿವ್ ಹೋಯಿತು, ಭದ್ರತೆಯೂ ಹೋಯಿತು

ಫಿಲ್ಮಿನ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರಗಳು. ಪ್ರತಿ ಚಿತ್ರಕ್ಕೂ ಖರ್ಚಿದ್ದುದರಿಂದ ಗಿರಾಕಿಗೂ ಅದರ ಬೆಲೆ ತಿಳಿದಿತ್ತು. ನೆಗೆಟಿವ್‌ಗಳು ಸ್ಟುಡಿಯೊದಲ್ಲಿಯೇ ಉಳಿಯುತ್ತಿದ್ದವು. ನೆಂಟರಿಷ್ಟರು ಪ್ರತಿ ಬೇಕೆಂದು ಮತ್ತೆ ಅಲ್ಲಿಗೇ ಬರುತ್ತಿದ್ದರು. ಹೀಗೆ ನೆಗೆಟಿವ್ ಎಂಬುದು ಒಂದು ಬಗೆಯ ಅಡಮಾನವೂ ಆಗಿತ್ತು, ಸಣ್ಣ ಪ್ರಮಾಣದ ನಿರಂತರ ಆದಾಯವೂ ಆಗಿತ್ತು. ಡಿಜಿಟಲ್ ಕ್ಯಾಮೆರಾ ಬಂದ ನಂತರ ಗಿರಾಕಿಯು ಮೊದಲ ದಿನವೇ ಪೆನ್‌ಡ್ರೈವ್ ಕೇಳುತ್ತಾನೆ. ಚಿತ್ರಗಳೆಲ್ಲವೂ ಅವನ ಕೈ ಸೇರಿದ ಮೇಲೆ ಬಾಕಿ ವಸೂಲಿಗೆ ಇರುವ ಆಧಾರವೇ ಇಲ್ಲವಾಗುತ್ತದೆ.

ಈ ಬದಲಾವಣೆಗೆ ದೊಡ್ಡ ಸಂಸ್ಥೆಗಳೂ ತತ್ತರಿಸಿವೆ. 1975ರಲ್ಲಿ ಡಿಜಿಟಲ್ ಕ್ಯಾಮೆರಾವನ್ನು ತನ್ನ ಪ್ರಯೋಗಶಾಲೆಯಲ್ಲಿಯೇ ರೂಪಿಸಿದ ಕೊಡ್ಯಾಕ್ ಕಂಪೆನಿ 2012ರ ಜನವರಿಯಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಸಲ್ಲಿಸಬೇಕಾಯಿತು. ಸಣ್ಣ ಊರಿನ ಸ್ಟುಡಿಯೊಗಳ ಬಾಡಿಗೆಯನ್ನು ಭರಿಸುತ್ತಿದ್ದ ಪಾಸ್‌ಪೋರ್ಟ್ ಅಳತೆಯ ಭಾವಚಿತ್ರದ ಕೆಲಸವೂ ಕ್ರಮೇಣ ಕರಗಿತು. ಆಧಾರ್ ನೋಂದಣಿ ಮತ್ತು ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಅರ್ಜಿದಾರರ ಚಿತ್ರವನ್ನು ಅಲ್ಲಿಯೇ ತೆಗೆಯಲಾಗುತ್ತದೆ. ಉಳಿದುದನ್ನು ಮೊಬೈಲ್ ಫೋನು ನುಂಗಿತು. ಆದ್ದರಿಂದ ಅನೇಕರು ಅಂಗಡಿ ಮುಚ್ಚಿ, ಮನೆಯಿಂದಲೇ ಕೆಲಸ ಮಾಡುವ ಸ್ವತಂತ್ರ ಛಾಯಾಗ್ರಾಹಕರಾದರು. ಬಾಡಿಗೆಯ ಹೊರೆ ತಪ್ಪಿತು. ಅದರೊಂದಿಗೆ ಅಂಗಡಿಯ ನಾಮಫಲಕವೂ, ಪರವಾನಗಿಯೂ, ಬ್ಯಾಂಕಿಗೆ ತೋರಿಸಲು ಇದ್ದ ವಿಳಾಸವೂ ತಪ್ಪಿದವು.

ಇದರ ಜೊತೆಗೆ ಋತುಮಾನದ ಪ್ರಶ್ನೆಯಿದೆ. ಆಷಾಢ, ಪಿತೃಪಕ್ಷ ಮತ್ತು ಧನುರ್ಮಾಸಗಳಲ್ಲಿ ಮದುವೆಗಳಿಲ್ಲ. ಆಷಾಢದಲ್ಲಿ ಜರುಗುವ ಚಾಮರಾಜೇಶ್ವರ ರಥೋತ್ಸವಕ್ಕೆ ನವದಂಪತಿಗಳು ಬರುವ ರೂಢಿಯಿರುವುದರಿಂದ ಚಾಮರಾಜನಗರದವರಿಗೆ ಒಂದೆರಡು ದಿನ ಅಲ್ಪಸ್ವಲ್ಪ ಕೆಲಸ ದೊರೆಯಬಹುದು, ಅಷ್ಟೆ. 2020ರ ಮಾರ್ಚ್ 25ರಂದು ಲಾಕ್‌ಡೌನ್ ಜಾರಿಯಾಗಿ, ನಂತರ ಮದುವೆಗಳಿಗೆ 50 ಜನರ ಮಿತಿ ವಿಧಿಸಿದಾಗ ಇಡೀ ಬೇಸಿಗೆಯ ಹಂಗಾಮು ಕೈತಪ್ಪಿತು. ಆ ವರ್ಷ ಮುಂಗಡ ಪಡೆದಿದ್ದವರು ಅದನ್ನು ಹಿಂದಿರುಗಿಸಬೇಕೇ ಬೇಡವೇ ಎಂಬುದಕ್ಕೆ ಬರವಣಿಗೆಯಲ್ಲಿ ಯಾವ ಉತ್ತರವೂ ಇರಲಿಲ್ಲ.

ಒಂದು ಮದುವೆಯ ಲೆಕ್ಕ

ಈ ವೃತ್ತಿಯ ಅರ್ಥಶಾಸ್ತ್ರ ತಿಳಿಯಲು ಒಂದು ಕಲ್ಪಿತ ಉದಾಹರಣೆ ಸಾಕು. 60,000 ರೂಪಾಯಿಗೆ ಒಪ್ಪಿಕೊಂಡ ಮದುವೆಯಲ್ಲಿ 10,000 ಮುಂಗಡ, ಮುಹೂರ್ತದ ದಿನ 20,000, ಉಳಿದ 30,000 ಆಲ್ಬಂ ಕೊಟ್ಟ ಮೇಲೆ ಎಂಬ ಮಾತಾಗಿದೆಯೆಂದು ಭಾವಿಸಬಹುದು. ವಿಡಿಯೊದವರು ಮತ್ತು ಸಹಾಯಕರ ಕೂಲಿ 15,000, ಪ್ರಯಾಣ-ವಸತಿ 3,000, ವಿಡಿಯೊ ಮಿಕ್ಸಿಂಗ್ ಮತ್ತು ಚಿತ್ರಗಳ ತಿದ್ದುಪಡಿ 8,000. ಈ 26,000 ರೂಪಾಯಿ ಕೈಬಿಟ್ಟ ಮೇಲೆ ಉಳಿಯುವುದು 4,000. ಆಲ್ಬಂ ಮುದ್ರಣಕ್ಕೆ 12,000 ಬೇಕು. ಅಂದರೆ ಛಾಯಾಗ್ರಾಹಕನು 8,000 ರೂಪಾಯಿ ಕೈಯಿಂದ ಹಾಕಿ ಆಲ್ಬಂ ಮುದ್ರಿಸಬೇಕು. ಅವನ ಸ್ವಂತ ದುಡಿಮೆಯ 22,000 ರೂಪಾಯಿ ಪೂರ್ತಿಯಾಗಿ ಬಾಕಿಯಲ್ಲಿಯೇ ಸಿಲುಕಿರುತ್ತದೆ. ಕ್ಯಾಮೆರಾದ ಸವಕಳಿ, ಸಾಲದ ಕಂತು ಎಲ್ಲವೂ ಅದರಿಂದಲೇ ಹೊರಡಬೇಕು.

ಸಾವಿರಾರು ಚಿತ್ರಗಳಿಂದ ಆಲ್ಬಂಗೆ ಬೇಕಾದ ಇನ್ನೂರು ಮುನ್ನೂರು ಚಿತ್ರಗಳನ್ನು ಆರಿಸಿ ಕೊಡಬೇಕಾದುದು ಮದುವೆ ಮನೆಯವರು. ಆಯ್ಕೆಗೆ ಅವಸರವೇನೂ ಇಲ್ಲದ ಕಾರಣ ಅದು ತಿಂಗಳುಗಟ್ಟಲೆ ಮುಂದೆ ಹೋಗುತ್ತದೆ. ಕೆಲವೊಮ್ಮೆ ಮೊದಲ ಮಗುವಿನ ನಾಮಕರಣದ ಕರೆ ಬಂದಾಗಲೂ ಮದುವೆಯ ಆಲ್ಬಂ ಬಾಕಿಯಿರುತ್ತದೆ. ಯಾರಲ್ಲಿಯೂ ದುರುದ್ದೇಶವಿಲ್ಲ, ಆದರೆ ನಷ್ಟ ಒಬ್ಬರಿಗೆ ಮಾತ್ರ.

ಕಾನೂನು ಏನು ಹೇಳುತ್ತದೆ

ಬರವಣಿಗೆಯ ಒಪ್ಪಂದವಿಲ್ಲದಿದ್ದರೆ ಕಾನೂನಿನ ದೃಷ್ಟಿಯಲ್ಲಿಯೂ ಛಾಯಾಗ್ರಾಹಕನ ಸ್ಥಾನ ದುರ್ಬಲವೇ. 1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಕಲಮಿನ ಪ್ರಕಾರ, ಒಬ್ಬರ ಕೋರಿಕೆಯ ಮೇರೆಗೆ ಪ್ರತಿಫಲ ಪಡೆದು ತೆಗೆದ ಛಾಯಾಚಿತ್ರದ ಮೊದಲ ಹಕ್ಕುದಾರರು, ವ್ಯತಿರಿಕ್ತ ಒಪ್ಪಂದವಿಲ್ಲದಿದ್ದಲ್ಲಿ, ಆ ಕೋರಿಕೆ ಸಲ್ಲಿಸಿದವರೇ. ಚಿತ್ರವು ತನ್ನದೆಂದು ಹೇಳಿಕೊಳ್ಳುವ ಕರ್ತೃತ್ವದ ಹಕ್ಕು ಮಾತ್ರ 57ನೆಯ ಕಲಮಿನಂತೆ ಛಾಯಾಗ್ರಾಹಕನಲ್ಲಿ ಉಳಿಯುತ್ತದೆ. ಹೀಗಾಗಿ ತಾನೇ ತೆಗೆದ ವಧೂವರರ ಚಿತ್ರವನ್ನು ಜಾಹೀರಾತಿಗೆ ಬಳಸಬೇಕಾದರೂ ಲಿಖಿತ ಒಪ್ಪಿಗೆ ಪಡೆದಿರುವುದು ಕ್ಷೇಮ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಗೆ ಹೋಗಿ ಭಾವಚಿತ್ರ ತೆಗೆಯುವವರೂ ಒಪ್ಪಿಗೆಯ ಈ ಮರ್ಯಾದೆಯನ್ನು ಪಾಲಿಸಬೇಕಾದುದು ನ್ಯಾಯ.

ಸಂಗೀತ ಕಛೇರಿಗಳ ವಿಷಯದಲ್ಲಿ ಸ್ಥಿತಿ ಬೇರೆಯಾಗಿದೆ. ಬೆಂಗಳೂರಿನ ಚಾಮರಾಜಪೇಟೆಯ ರಾಮನವಮಿ ಸಂಗೀತೋತ್ಸವವಾಗಲಿ, ಮೈಸೂರು ಅರಮನೆಯ ಮುಂದಿನ ದಸರಾ ಕಛೇರಿಗಳಾಗಲಿ, ಸಂಘಟಕರಿಂದ ಹಣ ಪಡೆಯದೆ ಕೇವಲ ಪ್ರವೇಶದ ಪಾಸಿನ ಮೇಲೆ ಹೋಗಿ ಸ್ವಂತ ಇಚ್ಛೆಯಿಂದ ತೆಗೆದ ಚಿತ್ರದ ಹಕ್ಕು ಸಾಮಾನ್ಯವಾಗಿ ಛಾಯಾಗ್ರಾಹಕನದೇ. ಅದನ್ನು ಮುಂದಿನ ವರ್ಷದ ಭಿತ್ತಿಪತ್ರಕ್ಕೆ ಬಳಸಲು ಅನುಮತಿ ಬೇಕು. ಆದರೆ ಕಛೇರಿಯನ್ನು ವಿಡಿಯೊ ಮಾಡಬೇಕಾದರೆ ಕಲಾವಿದರ ಸಮ್ಮತಿಯೂ ಅಗತ್ಯ. ಫ್ಲಾಶ್ ಬಳಸದೆ ಮಂದ ಬೆಳಕಿನಲ್ಲಿ ತೆಗೆಯಬೇಕಾದ ಈ ಕೆಲಸಕ್ಕೆ ಬೇಕಾಗುವ ಲೆನ್ಸ್‌ಗಳು ದುಬಾರಿ. ಹೀಗಿದ್ದೂ "ನಿಮ್ಮ ಹೆಸರು ಹಾಕುತ್ತೇವೆ" ಎಂಬುದೇ ಅನೇಕ ಸಂಘಟಕರು ಕೊಡುವ ಸಂಭಾವನೆ.

ಹೊಣೆಗಾರಿಕೆ ಛಾಯಾಗ್ರಾಹಕರಿಗೂ ಇದೆ. ಧಾರೆಯ ಕ್ಷಣ ಮತ್ತೊಮ್ಮೆ ಬರುವುದಿಲ್ಲ. ಮೆಮೊರಿ ಕಾರ್ಡ್ ಕೆಟ್ಟು ಚಿತ್ರಗಳು ನಾಶವಾದರೆ ಅಥವಾ ಆಲ್ಬಂ ಕೊಡದೆ ಸತಾಯಿಸಿದರೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಅಡಿಯಲ್ಲಿ ಗಿರಾಕಿಯು ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ಒಪ್ಪಂದಪತ್ರವಿದ್ದರೆ ಅಂಥ ಸಂದರ್ಭದಲ್ಲಿ ಇಬ್ಬರ ಹೊಣೆಯ ಮಿತಿಯೂ ಸ್ಪಷ್ಟವಾಗಿರುತ್ತದೆ.

"ನಂಬಿಕೆಯ ವ್ಯವಹಾರಕ್ಕೆ ಕಾಗದವೇಕೆ?"

ಮದುವೆಯಂತಹ ಶುಭಕಾರ್ಯದಲ್ಲಿ ಕರಾರುಪತ್ರ ಮುಂದಿಟ್ಟರೆ ಮನೆಯವರು ಬೇಸರಪಡುತ್ತಾರೆ, ಕೆಲಸ ಮತ್ತೊಬ್ಬರ ಪಾಲಾಗುತ್ತದೆ ಎಂಬ ಆಕ್ಷೇಪಣೆಯನ್ನು ಛಾಯಾಗ್ರಾಹಕರೇ ಎತ್ತುತ್ತಾರೆ. ಒಬ್ಬನೇ ಕಾಗದ ಕೇಳಿದರೆ ಹೀಗಾಗುವುದು ನಿಜ. ಆದರೆ ಛತ್ರದ ಮಾಲೀಕರು ಅದೇ ಮನೆಯವರಿಗೆ ರಸೀದಿ ಕೊಟ್ಟು, ಷರತ್ತುಗಳಿಗೆ ರುಜು ಹಾಕಿಸಿಕೊಳ್ಳುವಾಗ ಯಾರೂ ಬೇಸರಪಡುವುದಿಲ್ಲ. ಎಲ್ಲ ಛತ್ರಗಳಲ್ಲೂ ಅದೇ ರೂಢಿಯಿರುವುದೇ ಇದಕ್ಕೆ ಕಾರಣ. ರೂಢಿಯನ್ನು ಹುಟ್ಟುಹಾಕುವುದು ಒಬ್ಬ ವ್ಯಕ್ತಿಯಿಂದ ಆಗದು, ಸಂಘಟನೆಯಿಂದ ಆಗುತ್ತದೆ.

ವಾಣಿಜ್ಯ ಸಂಸ್ಥೆಗಳ ಪಾತ್ರ ಇರುವುದು ಇಲ್ಲಿಯೇ. ಛತ್ರದವರು, ಜವಳಿ ಮತ್ತು ಚಿನ್ನ-ಬೆಳ್ಳಿ ವರ್ತಕರು, ಮುದ್ರಣಾಲಯದವರು ಈ ಸಂಸ್ಥೆಗಳ ಸದಸ್ಯರು. ಅವರೊಡನೆ ಒಂದೇ ಚಪ್ಪರದ ಕೆಳಗೆ ದುಡಿಯುವ ಸ್ವತಂತ್ರ ಛಾಯಾಗ್ರಾಹಕ ಮಾತ್ರ ಅಂಗಡಿಯಿಲ್ಲವೆಂಬ ಕಾರಣಕ್ಕೆ ಹೊರಗುಳಿದಿದ್ದಾನೆ. ಜಿಲ್ಲಾ ಮಟ್ಟದ ಸಂಸ್ಥೆಗಳು ಮುಂದಿನ ಹಂಗಾಮಿಗೆ ಮುನ್ನ ಕೈಗೊಳ್ಳಬಹುದಾದ ಕ್ರಮಗಳು ಕಷ್ಟದವೇನೂ ಅಲ್ಲ.

ಮೊದಲನೆಯದು, ಕನ್ನಡದಲ್ಲಿ ಒಂದೇ ಪುಟದ ಮಾದರಿ ಒಪ್ಪಂದಪತ್ರ. ಮೊತ್ತದ ಶೇ. 30 ಮುಂಗಡ, ಶೇ. 50 ಆರತಕ್ಷತೆಗೆ ಮುನ್ನ, ಶೇ. 20 ಆಲ್ಬಂ ಒಪ್ಪಿಸಿದಾಗ ಎಂದು ಅದರಲ್ಲಿರಲಿ. ಮೇಲಿನ ಉದಾಹರಣೆಗೆ ಇದನ್ನು ಅನ್ವಯಿಸಿದರೆ ಮುಹೂರ್ತದ ವೇಳೆಗೆ 48,000 ರೂಪಾಯಿ ಕೈ ಸೇರಿ, 26,000 ಖರ್ಚು ಕಳೆದು 22,000 ಉಳಿಯುತ್ತದೆ. ಬಾಕಿಯ 12,000 ಸರಿಯಾಗಿ ಆಲ್ಬಂನ ವೆಚ್ಚವಷ್ಟೇ. ಗಿರಾಕಿಗೆ ಆಲ್ಬಂ ಬರುವವರೆಗೆ ಹಿಡಿತವೂ ಉಳಿಯುತ್ತದೆ, ಛಾಯಾಗ್ರಾಹಕನ ದುಡಿಮೆಯೂ ಸಿಲುಕುವುದಿಲ್ಲ. ಚಿತ್ರಗಳ ಆಯ್ಕೆಗೆ 60 ದಿನಗಳ ಗಡುವು, ಕಾಡಿನಾಚೆಯ ಕೆಲಸಕ್ಕೆ ವಸತಿಯ ಖರ್ಚು, ಮದುವೆ ಮುಂದೂಡಿದರೆ ಮುಂಗಡದ ಗತಿ, ಚಿತ್ರಗಳ ಹಕ್ಕು ಮತ್ತು ಎಷ್ಟು ಕಾಲ ಅವುಗಳನ್ನು ಕಾಪಿಡಬೇಕೆಂಬ ವಿಷಯಗಳಿಗೆ ಒಂದೊಂದು ಸಾಲು ಸಾಕು.

ಎರಡನೆಯದು, ನೋಂದಣಿಯ ನೆರವು. 2020ರ ಜುಲೈಯಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಅದು ಕೈಯಲ್ಲಿದ್ದರೆ 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ 50,000 ರೂಪಾಯಿವರೆಗಿನ ಶಿಶು ಸಾಲಕ್ಕೋ, 5 ಲಕ್ಷದವರೆಗಿನ ಕಿಶೋರ ಸಾಲಕ್ಕೋ ಬ್ಯಾಂಕಿನ ಬಾಗಿಲು ತಟ್ಟುವುದು ಸುಲಭ. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದ ಸೇವಾದಾರರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಅಂತರರಾಜ್ಯ ಸೇವೆಗೂ 2017ರ ಅಕ್ಟೋಬರ್‌ನಿಂದ ಈ ವಿನಾಯಿತಿ ಅನ್ವಯಿಸುತ್ತದೆ. ತೆರಿಗೆಗೆ ಅಂಜಿ ಗಡಿಯಾಚೆಯ ಕೆಲಸ ಬಿಡುವವರಿಗೆ, ರಸೀದಿ ಕೊಡಲು ಹಿಂಜರಿಯುವವರಿಗೆ ಈ ತಿಳಿವಳಿಕೆ ಅತ್ಯಗತ್ಯ. ಕ್ಯಾಮೆರಾ-ಲೆನ್ಸ್‌ಗಳ ವಿಮೆಯನ್ನು ಗುಂಪಾಗಿ ಮಾಡಿಸಿದರೆ ಮಾತುಕತೆಗೆ ಬಲ ಬರುತ್ತದೆ.

ಮೂರನೆಯದು, ಸದಸ್ಯರ ಸ್ವಂತ ನಡವಳಿಕೆ. ಸಂಸ್ಥೆಗಳ ವಾರ್ಷಿಕೋತ್ಸವ, ಮಳಿಗೆಗಳ ಉದ್ಘಾಟನೆ, ಸಂಗೀತ ಸಂಜೆಗಳಿಗೆ ಛಾಯಾಗ್ರಾಹಕರನ್ನು ಕರೆಯುವವರು ಮೊದಲು ಈ ಸದಸ್ಯರೇ. ಅವರು ಲಿಖಿತ ಆದೇಶ ಕೊಟ್ಟು, ಹಣವನ್ನು ಸಕಾಲದಲ್ಲಿ ಪಾವತಿಸಿ, ಪ್ರಕಟಿಸಿದ ಚಿತ್ರದ ಕೆಳಗೆ ತೆಗೆದವರ ಹೆಸರು ಹಾಕಿದರೆ ಉಳಿದವರಿಗೆ ಮೇಲ್ಪಂಕ್ತಿಯಾಗುತ್ತದೆ.

ಮೈಸೂರಿನಲ್ಲಿ ಹುಟ್ಟಿ, ಬಹುಕಾಲ ಸ್ವತಂತ್ರ ಛಾಯಾಗ್ರಾಹಕರಾಗಿ ದುಡಿದ ಟಿ.ಎಸ್. ಸತ್ಯನ್ ಅವರಿಗೆ 1977ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಚಿತ್ರಗಳು ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ಈ ಸೀಮೆಯ ಕಣ್ಣಿಗೆ ಪ್ರತಿಭೆಯ ಕೊರತೆಯಿಲ್ಲವೆಂಬುದಕ್ಕೆ ಅದೇ ಸಾಕ್ಷಿ. ಪುಣಜನೂರಿನ ತರುಣನಿಗೆ ಸದ್ಯಕ್ಕೆ ಬೇಕಿರುವುದು ಪ್ರಶಸ್ತಿಯಲ್ಲ. ಬೆಳಗಿನ ಧಾರೆ ಮುಗಿಸಿ, ಕಾಡಿನ ಗೇಟು ಮುಚ್ಚುವ ಮೊದಲು ಊರಿಗೆ ಮರಳುವಾಗ ಅಡುಗೆಯವರಂತೆ, ಓಲಗದವರಂತೆ ತನ್ನ ದುಡಿಮೆಯ ಹಣವೂ ತನ್ನ ಜೇಬಿನಲ್ಲಿರಬೇಕೆಂಬುದಷ್ಟೇ ಅವನ ಬೇಡಿಕೆ. ಅದಕ್ಕೆ ಒಂದು ಪುಟದ ಕಾಗದ ಸಾಕು. ಆ ಪುಟವನ್ನು ರೂಢಿಗೆ ತರುವ ಶಕ್ತಿ ವಾಣಿಜ್ಯ ಸಂಸ್ಥೆಗಳಿಗಿದೆ.