ಎರಡಾಣೆಯ ಪಾಠ

ನಮ್ಮ ಕಾಲೇಜುಗಳ ಜಾಹೀರಾತುಗಳಲ್ಲಿ ಈಗ ‘ಫಿನ್‌ಟೆಕ್’ ಎಂಬ ಶಬ್ದ ಎದ್ದು ಕಾಣುತ್ತದೆ. ಬಿ.ಕಾಂ. ಎಂಬ ಹಳೆಯ ಸೀರೆಗೆ ಜರಿಯಂಚು ಹೊಲಿದ ಹಾಗೆ. ಅಂಚಿನ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಉಡುವವಳು ಯಾರೆಂದು ಕೇಳದೆ ಹೊಲಿದ ಅಂಚು ಯಾರಿಗೆ ಬೇಕು ಹೇಳಿ?

ನಾನು ಪಂಪ್‌ವೆಲ್‌ನವಳು. ಇಲ್ಲಿಯ ಮಹಾವೀರ ವೃತ್ತದ ಬಳಿ ಕರ್ಣಾಟಕ ಬ್ಯಾಂಕಿನ ಪ್ರಧಾನ ಕಚೇರಿ ಇದೆ. ಅದು 1924ರಲ್ಲಿ ಮಂಗಳೂರಿನಲ್ಲೇ ಹುಟ್ಟಿದ್ದು. ಅದಕ್ಕೂ ಮೊದಲು, 1906ರಲ್ಲಿ, ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕನ್ನು ಕಟ್ಟಿದ್ದರು. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ. ಬ್ಯಾಂಕು ಎಂದರೇನೆಂದು ದೇಶಕ್ಕೆ ಹೇಳಿಕೊಟ್ಟ ಜಿಲ್ಲೆಯವರು ನಾವು. ಸುಬ್ಬರಾವ್ ಪೈಗಳು ಬ್ಯಾಂಕಿಗಿಂತ ಮೊದಲೇ, 1894ರಲ್ಲಿ, ಹೆಣ್ಣುಮಕ್ಕಳ ಶಾಲೆಯನ್ನು ತೆರೆದಿದ್ದರು ಎಂಬುದನ್ನೂ ಮರೆಯಬಾರದು.

ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿದರು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಮನೆಬಾಗಿಲಿಗೇ ಬಂದು ಒಯ್ಯುತ್ತಿದ್ದರು. ನನ್ನ ಲೆಕ್ಕದಲ್ಲಿ ಅದೇ ನಿಜವಾದ ಹಣಕಾಸು ತಂತ್ರಜ್ಞಾನ. ಯಂತ್ರವಿರಲಿಲ್ಲ, ತಂತ್ರವಿತ್ತು. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುವ ಹೆಂಗಸು ಇದ್ದಾಳೆ, ಅವಳಿಗೆ ದಿನಗೂಲಿ ಬರುತ್ತದೆ, ಸಂಜೆಯೊಳಗೆ ಅದು ಕರಗುತ್ತದೆ ಎಂದು ತಿಳಿದವನಿಗೆ ಮಾತ್ರ ಹೊಳೆಯುವ ಉಪಾಯ ಅದು.

ಈಗಿನ ಮಕ್ಕಳಿಗೆ ಈ ತಿಳಿವಳಿಕೆಯನ್ನು ಯಾರು ಕೊಡುತ್ತಿದ್ದಾರೆ? ನಮ್ಮ ಬಂಧುಗಳ ಹುಡುಗಿಯೊಬ್ಬಳು ಇಂಥದೇ ಕೋರ್ಸು ಮುಗಿಸಿ ಬಂದಳು. ‘ಹಣ ಬರಬೇಕಾದರೆ ಪಿನ್ ಒತ್ತಿ’ ಎಂಬ ಮಾತು ನಂಬಿ ಮೀನಿನಾಕೆ ದುಡ್ಡು ಕಳೆದುಕೊಂಡರೆ ಏನು ಮಾಡುವುದು ಎಂದು ಕೇಳಿದೆ. ‘ಅದು ಬಳಕೆದಾರರ ತಪ್ಪು, ಆಂಟಿ’ ಎಂದಳು. ಮೂರು ವರ್ಷ ಫೀಸು ತೆಗೆದುಕೊಂಡು ಕಲಿಸಿದ ಉತ್ತರ ಇದು!

ತಪ್ಪು ಆಕೆಯದಲ್ಲ. 2016ರಲ್ಲಿ ಯು.ಪಿ.ಐ. ಬಂದಾಗ, ಒಬ್ಬರು ಇನ್ನೊಬ್ಬರ ಫೋನಿಗೆ ‘ಹಣ ಕೊಡಿ’ ಎಂಬ ಕೋರಿಕೆ ಕಳಿಸುವ ಸೌಲಭ್ಯವನ್ನೂ ಇಟ್ಟರು. ಪಿನ್ ಬೇಕಾಗುವುದು ಹಣ ಕೊಡಲಿಕ್ಕೆ ಮಾತ್ರ, ಪಡೆಯಲಿಕ್ಕಲ್ಲ. ಕಳ್ಳರು ಕೋರಿಕೆ ಕಳಿಸಿ, ಹಣ ಬರುತ್ತದೆಂದು ನಂಬಿಸಿ, ಪಿನ್ ಒತ್ತಿಸಿದರು. ಕೊನೆಗೆ ರಾಷ್ಟ್ರೀಯ ಪಾವತಿ ನಿಗಮವೇ, ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಇಂಥ ಕೋರಿಕೆಗಳನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಬೇಕೆಂದು ಬ್ಯಾಂಕುಗಳಿಗೆ ಹೇಳಿತು. ಬಾಗಿಲಿಗೆ ಚಿಲಕ ಹಾಕಲು ಒಂಬತ್ತು ವರ್ಷ ಬೇಕಾಯಿತು. ಅಷ್ಟು ಕಾಲ ಬೈಸಿಕೊಂಡವಳು ಮಾತ್ರ ಮನೆಯೊಳಗಿದ್ದವಳು. ಮಾರುಕಟ್ಟೆಯಲ್ಲಿ ಒಂದು ವಾರ ಕುಳಿತ ವಿದ್ಯಾರ್ಥಿಗೆ ಈ ಸಡಿಲ ಚಿಲಕ ಕಾಣದೆ ಇರುತ್ತಿತ್ತೆ?

‘ಕಂಪೆನಿಗಳು ಕೇಳುವುದು ಕೋಡಿಂಗ್, ಮೀನು ಮಾರುಕಟ್ಟೆಯನ್ನಲ್ಲ’ ಎನ್ನುತ್ತಾರೆ ಮೇಷ್ಟ್ರುಗಳು. ಕಲಿಸಲಿ, ಬೇಡವೆಂದವರಾರು? ಪೈಥಾನ್ ಬರಲಿ, ದತ್ತಾಂಶ ಜಾಲಾಡಲು ಬರಲಿ. ಆದರೆ ಸಾಧಾರಣ ಕೋಡನ್ನು ಈಗ ಕೃತಕ ಬುದ್ಧಿಮತ್ತೆಯೇ ಬರೆದುಕೊಡುತ್ತದೆ. ಅಷ್ಟನ್ನೇ ಕಲಿತವನ ಕೆಲಸ ಮೊದಲು ಹೋಗುತ್ತದೆ. ಉಳಿಯುವವರು ಮೋಸದ ಜಾಡು ಹಿಡಿಯಬಲ್ಲವರು, ಕಾನೂನು ಬಲ್ಲವರು, ಗಿರಾಕಿಯ ಭಯವನ್ನು ಅವಳ ಭಾಷೆಯಲ್ಲೇ ಕೇಳಬಲ್ಲವರು. ತುಳು, ಕೊಂಕಣಿ, ಬ್ಯಾರಿ ಆಡುವ ನಮ್ಮ ಮಕ್ಕಳಿಗೆ ಅದು ಹುಟ್ಟಿನಿಂದಲೇ ಬಂದ ಬಂಡವಾಳ. ಅದನ್ನು ಕಾಲೇಜಿನ ಗೇಟಿನ ಹೊರಗೆ ಚಪ್ಪಲಿಯಂತೆ ಬಿಡಿಸಿ ಒಳಗೆ ಕರೆಯುತ್ತಾರಲ್ಲ, ಅದಕ್ಕೇ ನನ್ನ ಸಿಟ್ಟು.

ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ಕಾರ್ಪೊರೇಶನ್ ಮತ್ತು ಸಿಂಡಿಕೇಟ್ 2020ರಲ್ಲಿ ಯೂನಿಯನ್ ಮತ್ತು ಕೆನರಾದಲ್ಲಿ ಕರಗಿದವು. ಬೋರ್ಡುಗಳು ಹೋದವು. ಬೋರ್ಡಿನ ಹಿಂದಿದ್ದ ಜಾಣತನವೂ ಹೋಗಬೇಕೆ?

ತಾಯಂದಿರೇ, ಮಕ್ಕಳ ಅಡ್ಮಿಶನ್ನಿಗೆ ಹೋದಾಗ ಕಟ್ಟಡದ ಎತ್ತರ ನೋಡಿ ಬೆರಗಾಗಬೇಡಿ. ಮೂರು ಪ್ರಶ್ನೆ ಕೇಳಿ. ಬ್ಯಾಂಕಿನ ಕೌಂಟರಿನಲ್ಲೋ ಸ್ವಸಹಾಯ ಸಂಘದಲ್ಲೋ ಎಷ್ಟು ದಿನ ಕೆಲಸ ಮಾಡಿಸುತ್ತೀರಿ? ಬ್ಯಾಂಕಿನದೂ ಗಿರಾಕಿಯದೂ ಅಲ್ಲದ ಲೋಪದಿಂದ ಹಣ ಹೋಗಿ, ಗಿರಾಕಿ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಆಕೆಗೆ ಹೊಣೆಯಿಲ್ಲ ಎಂದ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಂಥವನ್ನು ಓದಿಸುತ್ತೀರಾ? ದುಡ್ಡು ಹೋದ ತಕ್ಷಣ 1930ಕ್ಕೆ ಫೋನ್ ಮಾಡಬೇಕೆಂದು ಅಜ್ಜಿಗೆ ಅರ್ಥವಾಗುವಂತೆ ಹೇಳಲು ಕಲಿಸುತ್ತೀರಾ?

ಉತ್ತರ ಬರದಿದ್ದರೆ ಫೀಸಿನ ಚೀಲವನ್ನು ಕಂಕುಳಲ್ಲೇ ಇಟ್ಟುಕೊಂಡು ಮುಂದಿನ ಕಾಲೇಜಿಗೆ ನಡೆಯಿರಿ. ಎರಡಾಣೆಗೂ ಲೆಕ್ಕ ಕೇಳಿದವರ ಮೊಮ್ಮಕ್ಕಳು ನಾವು. ಲಕ್ಷಕ್ಕೆ ಕೇಳಲು ಸಂಕೋಚವೇಕೆ?