ಆಲ್ಕಾನನನ್ನು ಕೊಂದದ್ದು ಕಪಾಟಲ್ಲ

ಕಳೆದ ತಿಂಗಳು ಬಂಧುಗಳ ಮನೆಯ ಸಮಾರಂಭವೊಂದರಲ್ಲಿ ಊಟವಾದ ಮೇಲೆ ಮಾತು ಪಾಶ್ಚಾತ್ಯ ಸಂಗೀತದತ್ತ ಹೊರಳಿತು. ತರುಣನೊಬ್ಬ, "ಪುಸ್ತಕದ ಕಪಾಟು ಮೈಮೇಲೆ ಬಿದ್ದು ಸತ್ತನಲ್ಲ, ಆ ಪಿಯಾನೊ ವಾದಕ!" ಎಂದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅದೇ ಕಥೆಯನ್ನು ಹಿಂದೊಮ್ಮೆ ತರಗತಿಯಲ್ಲಿ ಹೇಳಿ ನಿಮ್ಮಲ್ಲಿ ಕೆಲವರನ್ನು ನಗಿಸಿದವನು ನಾನೇ. ಆ ತಪ್ಪನ್ನು ತಡವಾಗಿಯಾದರೂ ತಿದ್ದಿಕೊಳ್ಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಆತನ ಹೆಸರು ಶಾರ್ಲ್ ವಾಲೆಂತೀನ್ ಆಲ್ಕಾನ್. 1813ರಲ್ಲಿ ಪ್ಯಾರಿಸ್ಸಿನ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದವನು. ಮೇಲಿನ ಅರೆಯಿಂದ ತಾಲ್ಮುದ್ ಗ್ರಂಥವನ್ನು ತೆಗೆಯಹೋದಾಗ ಕಪಾಟು ಉರುಳಿ ಸತ್ತನೆಂಬುದು ಕಥೆ. ಸಮಕಾಲೀನ ಪತ್ರವೊಂದು ಹೇಳುವುದೇ ಬೇರೆ. ಕೊಡೆ, ಕೋಟುಗಳನ್ನು ತೂಗುಹಾಕುವ ಚೌಕಟ್ಟಿನಡಿ ಸಿಲುಕಿ ಆತ ಅಡುಗೆಮನೆಯಲ್ಲಿ ನರಳುತ್ತಿದ್ದ. ಹಾಸಿಗೆಗೆ ಒಯ್ದ ಮೇಲೆ, 1888ರ ಮಾರ್ಚ್ 29ರ ಸಂಜೆ, ತೀರಿಕೊಂಡ. ಎಪ್ಪತ್ತನಾಲ್ಕರ ಒಂಟಿ ಮುದುಕನ ಸಾವು, ಅದರಲ್ಲಿ ನಗುವಂಥದ್ದೇನಿದೆ? ಕಪಾಟಿನ ಕಥೆ ಅದಕ್ಕೂ ಹಿಂದೆ ಮೆಟ್ಸ್ ಪಟ್ಟಣದ ರಬ್ಬಿಯೊಬ್ಬರ ಬಗ್ಗೆ ಪ್ರಚಲಿತವಾಗಿತ್ತು. ಆಲ್ಕಾನನ ಪೂರ್ವಜರು ಆ ಸೀಮೆಯವರು.

"ಕಥೆಯಿಂದಲಾದರೂ ಹೆಸರು ಉಳಿಯಿತಲ್ಲ ಮೇಷ್ಟ್ರೇ?" ಎಂದು ಕೇಳುವವರಿದ್ದಾರೆ. ನಾನು ಒಪ್ಪಲಾರೆ. ಉಳಿದದ್ದು ಹೆಸರಲ್ಲ, ನಗೆಪಾಟಲು. ಆ ಕಥೆ ಕೇಳಿದವನಿಗೆ ಆತನ ಒಂದು ಸ್ವರವನ್ನಾದರೂ ಕೇಳಬೇಕೆನಿಸುವುದಿಲ್ಲ. ತಿಳಿಯಬೇಕಾದದ್ದು ತಿಳಿಯಿತೆಂದುಕೊಂಡು ಎದ್ದುಹೋಗುತ್ತಾನೆ.

ಆಲ್ಕಾನನಿಗೆ ನಿಜವಾದ ಪೆಟ್ಟು ಬಿದ್ದದ್ದು 1848ರಲ್ಲಿ. ಬಾಲ್ಯದಲ್ಲೇ ಪ್ಯಾರಿಸ್ ಕನ್ಸರ್ವೇಟರಿಯನ್ನು ಸೇರಿ ಅಲ್ಲಿಯೇ ಬೆಳೆದವನು ಆತ. ಶೋಪ್ಯಾನನ ನೆರೆಯವನು, ಸ್ನೇಹಿತ. ಅಪೂರ್ಣವಾಗಿದ್ದ ತನ್ನ ಪಿಯಾನೊ ಪಾಠಕ್ರಮವನ್ನು ಶೋಪ್ಯಾನ್ ಸಾಯುವ ಮುನ್ನ ಬಿಟ್ಟುಹೋದದ್ದು ಇವನ ಕೈಗೆ. ಅಂಥವನಿಗೆ ಕನ್ಸರ್ವೇಟರಿಯ ಪಿಯಾನೊ ವಿಭಾಗದ ಮುಖ್ಯ ಹುದ್ದೆ ಸಿಗಬೇಕಿತ್ತು. ಲೇಖಕಿ ಜಾರ್ಜ್ ಸಾಂದ್ ಅವನ ಪರ ನಿಂತಳು. ಹುದ್ದೆ ಸಂದದ್ದು ಅವನ ಹಳೆಯ ಶಿಷ್ಯ ಮಾರ್ಮೊಂತೆಲನಿಗೆ. ಅರ್ಹತೆಯೊಂದನ್ನೇ ನಂಬಿ ಕುಳಿತವನಿಗೆ ಆಗುವ ನೋವನ್ನು ಅಧ್ಯಾಪಕ ವೃತ್ತಿಯಲ್ಲಿದ್ದವರಿಗೆ ವಿವರಿಸಬೇಕಾಗಿಲ್ಲ. ಆನಂತರದ ಸುಮಾರು ಕಾಲು ಶತಮಾನ ಆಲ್ಕಾನ್ ಸಾರ್ವಜನಿಕ ವೇದಿಕೆಯಿಂದ ದೂರ ಉಳಿದ.

"ತಾನೇ ಬಾಗಿಲು ಮುಚ್ಚಿಕೊಂಡವನಿಗೆ ಯಾರು ಹೊಣೆ?" ಎಂಬ ಮಾತೂ ಉಂಟು. ಆದರೆ ಮುಚ್ಚಿದ ಬಾಗಿಲ ಹಿಂದೆ ಆತ ಸುಮ್ಮನೆ ಕುಳಿತಿರಲಿಲ್ಲ. ಬೈಬಲ್ಲನ್ನು ಮೂಲಭಾಷೆಗಳಿಂದ ಫ್ರೆಂಚಿಗೆ ಅನುವಾದಿಸಿದ. ಆ ಅನುವಾದ ಇಂದು ಲಭ್ಯವಿಲ್ಲ. 1857ರಲ್ಲಿ ಹನ್ನೆರಡು ಅಭ್ಯಾಸಕೃತಿಗಳ ದೊಡ್ಡ ಸಂಪುಟವನ್ನು ಪ್ರಕಟಿಸಿದ. ಅದರಲ್ಲಿ ಮೂರು ಕೃತಿಗಳು ಸೇರಿ ಒಂದು 'ಕನ್ಚರ್ಟೊ' ಆಗುತ್ತವೆ. ವಾದ್ಯವೃಂದವಿಲ್ಲದ ಕನ್ಚರ್ಟೊ ಅದು. ವೃಂದದ ಪಾತ್ರವನ್ನೂ ಏಕವಾದಕನ ಪಾತ್ರವನ್ನೂ ಒಂದೇ ಪಿಯಾನೊ, ಎರಡೇ ಕೈಗಳು ನಿರ್ವಹಿಸಬೇಕು. ಮೊದಲ ಭಾಗವೊಂದೇ ಸುಮಾರು ಅರ್ಧ ಗಂಟೆ ನಡೆಯುತ್ತದೆ. 1873ರಲ್ಲಿ, ಅರವತ್ತರ ಹೊಸ್ತಿಲಲ್ಲಿ, ಆತ ಮತ್ತೆ ವೇದಿಕೆಗೆ ಬಂದು ಸಣ್ಣ ಕಚೇರಿಗಳ ಸರಣಿಯನ್ನು ಆರಂಭಿಸಿದ. ಬಾಗಿಲು ತೆರೆದೇ ಇತ್ತು, ಒಳಹೊಕ್ಕವರು ಕಡಿಮೆ.

ಆತನ ಕೃತಿಗಳಲ್ಲಿ ನನ್ನನ್ನು ಕಾಡುವುದು 1847ರಲ್ಲಿ ಪ್ರಕಟವಾದ 'ನಾಲ್ಕು ವಯಸ್ಸುಗಳು' ಎಂಬ ಸೊನಾಟಾ. ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು: ವಯಸ್ಸಿಗೊಂದು ಭಾಗ. ಸಾಮಾನ್ಯವಾಗಿ ಸೊನಾಟಾ ವೇಗದಲ್ಲಿ ಮುಗಿಯುತ್ತದೆ. ಇದು ಒಂದೊಂದು ಭಾಗಕ್ಕೂ ನಿಧಾನವಾಗುತ್ತ ಸಾಗುತ್ತದೆ. ಕೊನೆಯ ಭಾಗದ ಹೆಸರು 'ಬಂಧಿತ ಪ್ರಮಿಥಿಯಸ್'. ಐವತ್ತರ ಆ ಭಾರವನ್ನು ಬರೆದಾಗ ಆಲ್ಕಾನನಿಗೆ 35 ವರ್ಷವೂ ತುಂಬಿರಲಿಲ್ಲ. ಐವತ್ತನ್ನು ಎಂದೋ ದಾಟಿದ ನಾನು ಅದನ್ನು ಕೇಳಿದ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ತರಗತಿಯ ಆ ನಗು ನೆನಪಾಗಿ ನಾಚಿಕೆಯಾಯಿತು.

ಆತ ಸತ್ತ ಮೇಲೆ ಬುಸೋನಿಯಂಥವರು ಅವನನ್ನು ಎತ್ತಿಹಿಡಿದರು. 1960ರ ದಶಕದ ಬಳಿಕ ರೇಮಂಡ್ ಲೆವೆಂಥಾಲ್, ರೊನಾಲ್ಡ್ ಸ್ಮಿತ್, ಮಾರ್ಕ್ ಆಂದ್ರೆ ಆಮ್ಲಾಂ ನುಡಿಸಿ ಧ್ವನಿಮುದ್ರಿಸಿದರು. ಆದುದರಿಂದ ಕೇಳಲು ಸಿಗುವುದಿಲ್ಲವೆಂಬ ನೆಪ ಇಂದು ನಮಗಿಲ್ಲ.

ನನ್ನ ಹಳೆಯ ವಿದ್ಯಾರ್ಥಿಗಳೇ, ಮೇಷ್ಟರು ಹೇಳಿದ್ದೆಲ್ಲ ನಿಜವೆಂದು ನಂಬುವ ವಯಸ್ಸಿನಲ್ಲಿ ನಿಮಗೊಂದು ಸುಳ್ಳನ್ನು ಹೇಳಿದೆ. ಅದನ್ನು ನೀವು ನಿಮ್ಮ ಮಕ್ಕಳಿಗೂ ಹೇಳಿರಬಹುದು. ಇನ್ನು ಹೇಳಬೇಡಿ. ಬದಲಿಗೆ ಒಂದು ಸಂಜೆ ಬಿಡುವು ಮಾಡಿಕೊಂಡು ಆ ಸೊನಾಟಾವನ್ನು ಮಕ್ಕಳೊಂದಿಗೆ ಕುಳಿತು ಕೇಳಿ.