ಬೀಗದ ಕೈ ಕೇಳ್ರವ್ವಾ

ಸ್ಕೂಲಿಂದ ಬಂದ ಮಗಳ ನೀರಿನ ಬಾಟ್ಲಿ ಒಂದ್ಸಲ ಎತ್ತಿ ನೋಡ್ರವ್ವಾ. ಬೆಳಿಗ್ಗೆ ತುಂಬಿಸಿದ್ದು ಹಂಗೇ ಅದೆ ತಾನೆ? ಬಾಯಾರಿಕೆ ಇಲ್ಲ ಅಂತಲ್ಲ, ಕುಡುದ್ರೆ ಹೋಗಾಕೆ ಜಾಗ ಇಲ್ಲ. ಹುಣಸೂರಾಗ್ಲಿ ಕೋಟೆಯಾಗ್ಲಿ, ಎಷ್ಟೋ ಕಡೆ ಶೌಚಾಲಯ ಕಟ್ಟವ್ರೆ, ಬೀಗ ಹಾಕವ್ರೆ. ಉರಿಮೂತ್ರ ಬಂದಾಗ ಬಾರ್ಲಿ ನೀರು ಕಾಯ್ಸೋರು ಮಾತ್ರ ನಾವು.

ಹೆಣ್ಣೈಕ್ಳಿಗೆ ಬೇರೆ ಶೌಚಾಲಯ ಇರ್ಬೇಕು ಅನ್ನೋದು ಯಾರ ಉಪಕಾರನೂ ಅಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆ ಮಾತು. ಸರ್ಕಾರಿ ಸ್ಕೂಲಿನ ಸಮಿತೀಲಿ ಮುಕ್ಕಾಲು ಪಾಲು ತಂದೆತಾಯಂದಿರು, ಒಟ್ಟು ಅರ್ಧ ಹೆಂಗಸರು ಇರ್ಬೇಕು ಅಂತಾನೂ ಅದೇ ಕಾಯ್ದೆ ಹೇಳ್ತದೆ. ನಾವೋ, ತೋರಿಸ್ದ ಕಡೆ ಸೈನ್ ಹಾಕಿ ಟೀ ಕುಡ್ದು ಬತ್ತೀವಿ.

ಮುಂದಿನ ಸಭೇಲಿ ಮೊದ್ಲು ಬೀಗದ ಕೈ ಕೇಳಿ. ನೀವೇ ಒಳಕ್ಕೋಗಿ ನಲ್ಲಿ ತಿರುಗ್ಸಿ. ನೀರು ಬರ್ನಿಲ್ವಾ? ಸೈನೂ ಇಲ್ಲ.